ನೋಡುವಾಗ ಖುಷಿ, ಮಲಗಿದ ಮೇಲೆ ಬೇಜಾರು

ಹೆಸರು ಹಾಕಬೇಡಿ ಎಂದ ಹಾಸನದ ಓದುಗರಿಗೆ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ನೀವೂ ಸೊಸೆಯೂ ಬಿಗ್ ಬಾಸ್ ನೋಡಲು ಕೂರುತ್ತೀರಿ. ಯಜಮಾನರು "ಆ ದರಿದ್ರ ಜಗಳ ಏನ್ ನೋಡ್ತೀರೋ" ಎಂದು ಬೈದು ಒಳಗೆ ಹೋಗುತ್ತಾರೆ. ನೋಡುವಾಗ ಖುಷಿ. ದೀಪ ಆರಿಸಿ ಮಲಗಿದ ಮೇಲೆ ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿ ಬಂದ ಹಾಗೆ ಬೇಜಾರು. "ನನ್ನ ಮನಸ್ಸೇ ಸರಿ ಇಲ್ವಾ?" ಎಂದು ಕೇಳಿದ್ದೀರಿ. ಹನ್ನೆರಡು ವರ್ಷದ ಮೊಮ್ಮಗನಿಗೆ ತೋರಿಸಬಹುದಾ ಅಂತಲೂ ಕೇಳಿದ್ದೀರಿ.

ನಿಮ್ಮ ಮನಸ್ಸು ಸರಿಯಾಗೇ ಇದೆ. ನಾನೂ ನೋಡುತ್ತೇನೆ. 2013ರಲ್ಲಿ ಈಟಿವಿ ಕನ್ನಡದಲ್ಲಿ ಮೊದಲ ಸೀಸನ್ ಬಂದಾಗಿನಿಂದ ಅಲ್ಲಲ್ಲಿ ಬಿಟ್ಟು ನೋಡುತ್ತಾ ಬಂದಿದ್ದೇನೆ. ಪರದೆ ಮೇಲೆ ರೇಷ್ಮೆ ಸೀರೆ, ಕಣ್ಣೀರು ಎಲ್ಲ ಅಚ್ಚುಕಟ್ಟಾಗಿ ಇರುವವರು ಇಲ್ಲಿ ತಲೆ ಬಾಚದೆ, ಕಾಫಿಪುಡಿ ಮುಗಿಯಿತು ಅಂತ ಮುಖ ಊದಿಸಿಕೊಂಡು ಕೂರುತ್ತಾರೆ. ಪಾತ್ರೆ ತೊಳೆಯೋ ಸರದಿ ಯಾರದು ಅನ್ನೋ ಜಗಳ ನಮ್ಮೆಲ್ಲರ ಮನೆಯದು. 11ನೇ ಸೀಸನ್ನಿನಲ್ಲಿ ಕುರಿ ಕಾಯುತ್ತಿದ್ದ ಹಾವೇರಿ ಕಡೆಯ ಹಾಡುಗಾರ ಹನುಮಂತ ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಆಟ ಶುರುವಾದ ಮೇಲೆ ನಡುವೆ, ಒಳಗೆ ಬಂದು ಗೆದ್ದೇಬಿಟ್ಟ. ಆ ವರ್ಷ ಅವರೆಕಾಯಿ ಕಾಲದಲ್ಲಿ ನಮ್ಮಮ್ಮ ಟೀವಿ ಮುಂದೆ ಕೂತು ಹಿದುಕವರೆ ಮಾಡುತ್ತಿದ್ದರು. ಸ್ಪರ್ಧಿಗಳ ಮನೆಯವರು ಒಳಗೆ ಬಂದ ವಾರ ಅಮ್ಮನ ಕೈ ನಿಂತೇ ಹೋಯಿತು. ಬೆರಳಲ್ಲಿದ್ದ ಕಾಳು ಜಾರಿ ವಾಪಸ್ ನೀರಿಗೆ ಬಿತ್ತು. ಎದುರಿಗಿದ್ದವರ ಸಂಕಟ ಅವರನ್ನು ಅಷ್ಟು ಮುಟ್ಟಿತ್ತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಹೇಳಿ?

ಆದರೆ ನಿಮ್ಮ ಬೇಜಾರೂ ಸುಳ್ಳಲ್ಲ. ಮನುಷ್ಯರು ಜಗಳ ಆಡೋದು ಸಹಜ. ಇಲ್ಲಿ ಆ ಜಗಳಕ್ಕೆ ಮೊದಲೇ ಒಲೆ ಹಚ್ಚಿಟ್ಟಿರುತ್ತಾರೆ. ಒಳಗೆ ಗಡಿಯಾರ ಇಲ್ಲ, ಫೋನ್ ಇಲ್ಲ. ಮನಸ್ಸಿಗೆ ನೋವಾದರೆ ಎದ್ದು ಅಮ್ಮನ ಮನೆಗೆ ಹೋಗೋ ಹಾಗಿಲ್ಲ. ದಿನಸಿಯೂ ಟಾಸ್ಕ್ ಗೆದ್ದರೆ ಜಾಸ್ತಿ, ಸೋತರೆ ಕಡಿಮೆ. ವಾರವಾರ ಯಾರು ಹೊರಗೆ ಹೋಗಬೇಕು ಅಂತ ಹೆಸರು ಹೇಳೋ ನಾಮಿನೇಷನ್‌ನಲ್ಲಿ ಜೊತೆಗೆ ಉಂಡವರ ತಪ್ಪು ಎತ್ತಿ ಆಡಲೇಬೇಕು. 'ಕಳಪೆ' ಅನ್ನಿಸಿಕೊಂಡವರಿಗೆ ಜೈಲು. 2024ರಲ್ಲಂತೂ ಮನೆಯನ್ನೇ ಸ್ವರ್ಗ, ನರಕ ಅಂತ ಎರಡು ಮಾಡಿ ನರಕದವರಿಗೆ ಗಂಜಿ ಕೊಟ್ಟರು. ಅಲ್ಲಿನ ಹೆಣ್ಣುಮಕ್ಕಳ ವಿಷಯಕ್ಕೆ ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಬೇಕಾಯಿತು. ಇಷ್ಟೆಲ್ಲ ಆದಮೇಲೆ ಇಡೀ ದಿನದ್ದನ್ನು ಕತ್ತರಿಸಿ ನಮಗೆ ತೋರಿಸೋದು ಒಂದೂವರೆ ಗಂಟೆ. ಸುಮ್ನೆ ಕೂತು ಹರಟಿದ ಹೊತ್ತು ಅದರಲ್ಲಿ ಎಷ್ಟು ಉಳಿದೀತು?

ನನಗೆ ಇದು ಅರ್ಥವಾದದ್ದು ಬ್ರಿಟನ್ನಿನ ಜೇಡ್ ಗೂಡಿ ಎಂಬ ಹೆಣ್ಣುಮಗಳಿಂದ. 2007ರ ಜನವರಿ ನಿಮಗೂ ನೆನಪಿರಬಹುದು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ನಮ್ಮ ಬಿಗ್ ಬಾಸ್‌ನಂಥದ್ದೇ ಆಟವಾದ ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್ ಮನೆಯಲ್ಲಿದ್ದರು, ಜೇಡ್ ಕೂಡ ಅಲ್ಲೇ ಇದ್ದಳು. ಅಡುಗೆಗೆ ಹಾಕುವ ಸ್ಟಾಕ್ ಕ್ಯೂಬ್‌ನ ವಿಷಯಕ್ಕೆ ಜೇಡ್ ಕಿರುಚಾಡಿದ್ದು, ಅವರನ್ನು 'ಶಿಲ್ಪಾ ಪಾಪಡಮ್' (ಹಪ್ಪಳ) ಎಂದು ಹಂಗಿಸಿದ್ದು ಇಲ್ಲಿಯ ತನಕ ಸುದ್ದಿಯಾಯಿತು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 44 ಸಾವಿರಕ್ಕೂ ಹೆಚ್ಚು ದೂರು ಹೋದವು. ಶಿಲ್ಪಾ ಗೆದ್ದರು. ನಾನೂ ಕುಣಿದಾಡಿದೆ, ಆ ಹೆಂಗಸಿಗೆ ಹಾಗೇ ಆಗಬೇಕು ಅಂದುಕೊಂಡೆ.

ಆಮೇಲೆ ಜೇಡ್ ಯಾರು ಅಂತ ಓದಿದೆ. ಲಂಡನ್ನಿನ ಬಡ ಕುಟುಂಬದ ಹುಡುಗಿ. ದಂತವೈದ್ಯರ ಬಳಿ ನರ್ಸ್ ಆಗಿದ್ದವಳು. 2002ರಲ್ಲಿ ಇದೇ ಆಟಕ್ಕೆ ಸಾಮಾನ್ಯಳಾಗಿ ಬಂದಾಗ ಅಲ್ಲಿನ ಪತ್ರಿಕೆಗಳು ಅವಳನ್ನು ಹಂದಿ ಎಂದು ಜರೆದವು. ಅವಳಿಗೆ ಏನೂ ಗೊತ್ತಿಲ್ಲ ಅಂತ ನಕ್ಕು ನಕ್ಕೇ ಜನ ಅವಳನ್ನು ಸೆಲೆಬ್ರಿಟಿ ಮಾಡಿದ್ದರು. ಅವಳು ಶಿಲ್ಪಾಗೆ ಆಡಿದ ಮಾತು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿ ಬಿಟ್ಟರೆ ಬೆಂಕಿ ಬೀಳುತ್ತೆ ಅಂತ ಗೊತ್ತಿದ್ದೇ ಅಲ್ವಾ ಅವಳನ್ನು ಮತ್ತೆ ಒಳಗೆ ಬಿಟ್ಟಿದ್ದು?

2008ರ ಆಗಸ್ಟ್‌ನಲ್ಲಿ ಜೇಡ್ ನಮ್ಮ ಹಿಂದಿ ಬಿಗ್ ಬಾಸ್‌ಗೆ ಬಂದಳು. ನಿರೂಪಕಿ ಶಿಲ್ಪಾ ಶೆಟ್ಟಿಯೇ. ಒಳಗೆ ಹೋಗಿ ಕೆಲವೇ ದಿನಕ್ಕೆ ಗರ್ಭಕಂಠದ ಕ್ಯಾನ್ಸರ್ ಇದೆ ಅನ್ನೋ ಸುದ್ದಿ ಆ ಮನೆಯಲ್ಲಿದ್ದಾಗಲೇ ಬಂತು. ಅಲ್ಲಿಂದ ಹೊರಟವಳು 2009ರ ಮಾರ್ಚ್ 22ರಂದು ತೀರಿಕೊಂಡಳು. ಆಗ ಅವಳಿಗೆ 27 ವರ್ಷ. ಕೊನೆಯ ದಿನಗಳಲ್ಲೂ ಕ್ಯಾಮೆರಾ ಜೊತೆಗಿತ್ತು. ಎರಡು ಗಂಡುಮಕ್ಕಳ ಓದಿಗೆ ದುಡ್ಡು ಬೇಕು, ಅದಕ್ಕೇ ಒಪ್ಪಿದೆ ಅಂತ ಅವಳೇ ಹೇಳಿಕೊಂಡಿದ್ದಳು. ಅವಳಿಂದಾಗಿ ಇಂಗ್ಲೆಂಡಿನಲ್ಲಿ ಆ ಕ್ಯಾನ್ಸರ್ ತಪಾಸಣೆಗೆ ಬರುವ ಹೆಂಗಸರು ತುಂಬಾ ಜಾಸ್ತಿಯಾದರು. ಅದೊಂದು ಒಳ್ಳೆಯದಾಯಿತು. ಆದರೂ 2007ರಲ್ಲಿ ಕುಣಿದಾಡಿದ್ದು ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಸಿವಿಸಿ.

ಅದಕ್ಕೇ ಹೇಳುತ್ತಿದ್ದೇನೆ, ಆ ಬೇಜಾರನ್ನು ಓಡಿಸಬೇಡಿ. ಅದು ಇರುವಷ್ಟು ದಿನ ಒಳಗಿರುವವರು ನಿಮಗೆ ಮನುಷ್ಯರಾಗೇ ಕಾಣುತ್ತಾರೆ.

ಇನ್ನು ಮೊಮ್ಮಗ. ಅವನೊಬ್ಬನೇ ನೋಡೋದು ಬೇಡ, ನಿಮ್ಮ ಪಕ್ಕದಲ್ಲಿ ಕೂತು ನೋಡಲಿ. ಯಾರಾದರೂ ಅಳುವಾಗ ಕ್ಯಾಮೆರಾ ಎಷ್ಟು ಹೊತ್ತು ಅವರ ಮುಖದ ಮೇಲೇ ನಿಲ್ಲುತ್ತದೆ, ಎಣಿಸೋಕೆ ಹೇಳಿ. ನಾನೂ ಅಮ್ಮನೂ ಒಂದು ರಾತ್ರಿ ಎಣಿಸಿದೆವು. ಮೂವತ್ತು ದಾಟಿದ ಮೇಲೆ ಅಮ್ಮ "ಸಾಕು ಬಿಡೋ, ಪಾಪ" ಅಂದು ಒದ್ದೆ ಕೈಯಲ್ಲೇ ರಿಮೋಟ್ ತೆಗೆದುಕೊಂಡು ಸದ್ದು ಕಡಿಮೆ ಮಾಡಿದರು.

— ಸಂ.