ಮಾವನವರ ಬೀಡಿ, ಹತ್ತಿಯ ಹಾಸಿಗೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಅಗ್ನಿಶಾಮಕ ಅಧಿಕಾರಿಯ ಉತ್ತರ

ಪ್ರಶ್ನೆ: ನಮ್ಮದು ಮದ್ದೂರಿನ ಬಳಿಯ ಹಳ್ಳಿ. ಮಾವನವರಿಗೆ 74 ವರ್ಷ, ಮಲಗಿಕೊಂಡೇ ಬೀಡಿ ಸೇದುತ್ತಾರೆ. ಹೋದ ವಾರ ರಾತ್ರಿ ಹಾಸಿಗೆ ಕಾಸಿನಗಲ ಸುಟ್ಟಿತ್ತು. ಒಂದು ಚೊಂಬು ನೀರು ಸುರಿದು ಮಲಗಿದೆವು. ನಸುಕಿನಲ್ಲಿ ನೋಡಿದರೆ ಅಲ್ಲಿಂದಲೇ ಮತ್ತೆ ಹೊಗೆ! ಉಬ್ಬಸ ಹೆಚ್ಚಿದ್ದರಿಂದ ಮನೆಗೆ ಆಮ್ಲಜನಕದ ಯಂತ್ರ ತರಿಸಿ ಎಂದು ಡಾಕ್ಟರು ಬೇರೆ ಹೇಳಿದ್ದಾರೆ. ಬೀಡಿ ಬಿಡಿ ಎಂದರೆ ಊಟ ಬಿಡುತ್ತಾರೆ. ಏನು ಮಾಡಲಿ?
– ಗೃಹಿಣಿ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಯಂತ್ರದ ಮಾತು ಮುಗಿಸೋಣ ತಾಯಿ. ಬೀಡಿಯ ವಿಷಯವನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಮಾವನವರಿಗೆ ಕೋಪ ಬಂದರೂ ಸರಿ, ಅವರೆದುರೇ ಹೇಳಿ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಪಕ್ಕದಲ್ಲಿರುವುದನ್ನು ಭುಗಿಲೆಂದು ಉರಿಸುತ್ತದೆ. ಮೂಗಿನ ನಳಿಕೆಯಿಂದ ಸೋರಿದ್ದು ಹೊದಿಕೆ, ಅಂಗಿ, ಮೀಸೆಯಲ್ಲಿ ತಂಗಿ, ಯಂತ್ರ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ‘ನಳಿಕೆ ತೆಗೆದು ಒಂದೇ ಒಂದು ದಮ್ಮು’ ಎನ್ನುವುದು ಇಲ್ಲಿ ನಡೆಯದು. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆಬತ್ತಿಯೂ ಬೇಡ. ಇದೊಂದರಲ್ಲಿ ನಾನು ರಾಜಿಗೆ ಒಪ್ಪುವವನಲ್ಲ.

ಹಾಸಿಗೆ ಮತ್ತೆ ಹೊಗೆಯಾಡಿದ್ದು ಸಹಜವೇ. ಒತ್ತಾಗಿ ತುಂಬಿದ ಹತ್ತಿಗೆ ಬಿದ್ದ ಕಿಡಿ ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಮೇಲೆ ಸುರಿದ ಚೊಂಬು ನೀರು ಅಲ್ಲಿಗೆ ಇಳಿಯುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೇರಳವಾಗಿ ಹುಟ್ಟುವುದೂ ಹೀಗೆ ಸುಡುವಾಗಲೇ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಎಚ್ಚರಗೊಳ್ಳುವ ಮೊದಲೇ ಪ್ರಜ್ಞೆ ತಪ್ಪಿರುತ್ತಾರೆ. ಇನ್ನೊಮ್ಮೆ ಹೀಗಾದರೆ ಮೊದಲು ಮಾವನವರನ್ನು ಹೊರಗೆ ಕರೆತನ್ನಿ. ಸ್ವಲ್ಪವೇ ಹೊಗೆಯಿದ್ದರೆ ಹಾಸಿಗೆಯನ್ನು ತೊಯ್ಯಿಸಿ, ಅಂಗಳಕ್ಕೆ ಎಳೆದು, ಹೊಲಿಗೆ ಬಿಚ್ಚಿ ಹತ್ತಿ ಹರಡಿ ಮತ್ತೆ ನೀರು ಹೊಯ್ಯಿರಿ. ಹುಲ್ಲಿನ ಮೆದೆಯ ಹತ್ತಿರ ಮಾತ್ರ ಹಾಕಬೇಡಿ. ಜ್ವಾಲೆ ಎದ್ದಿದ್ದರೆ, ಹೊಗೆ ಕೋಣೆ ತುಂಬಿದ್ದರೆ, ಎಳೆಯುವ ಸಾಹಸವೇ ಬೇಡ: ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ.

‘ಬೀಡಿ ತಾನೇ ಆರಿಹೋಗುತ್ತದೆ, ಸಿಗರೇಟಿನ ಹಾಗಲ್ಲ’ ಎಂದು ಹಿರಿಯರು ವಾದಿಸುವುದುಂಟು. ಅರ್ಧ ನಿಜ. ಬೀಡಿಯ ಎಲೆಯೊಳಗೆ ಗಾಳಿಯಾಡುವುದು ಕಡಿಮೆ, ಎಳೆಯದಿದ್ದರೆ ಬೇಗ ಆರುತ್ತದೆ. ಅದಕ್ಕೇ ಮತ್ತೆ ಮತ್ತೆ ಕಡ್ಡಿ ಗೀರಬೇಕು. ಕತ್ತಲಲ್ಲಿ ಎಸೆದ ಆ ಕಡ್ಡಿಗಳ ಲೆಕ್ಕ ಯಾರಿಡುತ್ತಾರೆ?

ಬಿಡಿಸಲು ಆಗದಿದ್ದರೆ ಜಾಗವನ್ನಾದರೂ ಬದಲಿಸಿ. ಯಂತ್ರ ಬರುವ ತನಕ ಅವರ ಬೀಡಿ ಜಗಲಿಯ ಕುರ್ಚಿಗೇ ಸೀಮಿತವಾಗಲಿ, ಕುರ್ಚಿಗೆ ಮೆತ್ತೆ ಬೇಡ. ಬೀಡಿ ಕಟ್ಟು, ಬೆಂಕಿಪೊಟ್ಟಣ ರಾತ್ರಿ ದಿಂಬಿನಡಿ ಇರಕೂಡದು. ನಿದ್ದೆ ಮಾತ್ರೆ ನುಂಗುವವರಾದರೆ ಇನ್ನೂ ಕಟ್ಟುನಿಟ್ಟು. ನಮ್ಮ ಕಡೆ ತುಂಡು ಹಾಕಲು ತೆಂಗಿನ ಕರಟ ಇಡುತ್ತಾರೆ. ಇದ್ದಿಲಾಗುವ ವಸ್ತುವಿನಲ್ಲಿ ಕಿಡಿ ಆರಿಸುವುದು ಯಾವ ಜಾಣತನವೋ! ಹಳೆಯ ಕಬ್ಬಿಣದ ಬಾಣಲೆಗೆ ಮರಳು ತುಂಬಿಡಿ, ತಿಪ್ಪೆಗೆ ಸುರಿಯುವ ಮುನ್ನ ನೀರು ಹಾಕಿ. ಹೊದೆಯಲು ಉಣ್ಣೆಯ ಕಂಬಳಿಯೇ ವಾಸಿ, ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿಯಿಂದ ನಡೆಯುವ ಹೊಗೆ ಅಲಾರಂ ಒಂದನ್ನು ಅವರ ಕೋಣೆಯ ಚಾವಣಿಗೆ ಹಾಕಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬಬೇಡಿ, ಗಾಢ ನಿದ್ದೆಯಲ್ಲಿ ಮೂಗು ಕೆಲಸಕ್ಕೆ ಬಾರದು. ಮಾವನವರು ಸೊಸೆಯ ಮಾತು ಕೇಳದಿದ್ದರೂ ಬೇರೆಯವರದ್ದು ಕೇಳಿಯಾರು: ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.

ಪ್ರಶ್ನೆ: ಮೇಲಿನ ಮನೆಯ ಹುಡುಗರು ಸಿಗರೇಟು ತುಂಡುಗಳನ್ನು ನಮ್ಮ ಬಾಲ್ಕನಿಯ ಹೂಕುಂಡಗಳಿಗೆ ಎಸೆಯುತ್ತಾರೆ. ಮಣ್ಣಿಗೆ ಬಿದ್ದರೆ ಅಪಾಯವಿಲ್ಲ ಅಲ್ಲವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬರೀ ಮಣ್ಣಾಗಿದ್ದರೆ ಚಿಂತೆಯಿರಲಿಲ್ಲ. ಈಗಿನ ಕುಂಡಗಳಲ್ಲಿ ಮಣ್ಣಿಗಿಂತ ತೆಂಗಿನ ನಾರಿನ ಪುಡಿಯೇ ಹೆಚ್ಚು. ಬೇಸಿಗೆಯಲ್ಲಿ ಅದು ಒಣಗಿದಾಗ ಕಿಡಿ ಬಿದ್ದರೆ ಹತ್ತಿಯಂತೆಯೇ ಒಳಗೇ ಸುಡುತ್ತದೆ, ಕುಂಡ ಪ್ಲಾಸ್ಟಿಕ್ಕಿನದಾದರೆ ಅದೂ ಹತ್ತಿಕೊಳ್ಳುತ್ತದೆ. ದಿನವೂ ನೀರು ಹಾಕಿ, ಒಣ ಗಿಡದ ಕುಂಡಗಳನ್ನು ತೆಗೆದುಬಿಡಿ, ಒಗೆದ ಬಟ್ಟೆಯನ್ನು ಅಲ್ಲಿ ಹರವಬೇಡಿ. ಹುಡುಗರಿಗೆ ಮರಳು ತುಂಬಿದ ಒಂದು ಡಬ್ಬಿ ಕೊಟ್ಟು ನೋಡಿ. ಬಗ್ಗದಿದ್ದರೆ ಫೋಟೊ ತೆಗೆದು ಮನೆ ಮಾಲೀಕರಿಗೆ ಲಿಖಿತ ದೂರು ಕೊಡಿ.