ರಬ್ಬರ್ ಗ್ಲೌಸ್ ಹಾಕಿದ ಕೂಡಲೇ ಕೈ ತುರಿಸುತ್ತದೆ, ಒಳಗೆ ಯಾವ ಕ್ರೀಮ್ ಹಚ್ಚಿಕೊಳ್ಳಬೇಕು?

ನಿಮ್ಮಂತೆ ನಾನೂ ನರ್ಸ್, ನಾನೂ ಮೊದಲು ಕೇಳಿದ್ದು ಕ್ರೀಮನ್ನೇ. ಹೆರಿಗೆ ವಾರ್ಡಿನಲ್ಲಿ ಗ್ಲೌಸ್ ಕಳಚಿದಾಗಲೆಲ್ಲ ಪುಡಿ ಅಂಟಿದ ಬೆರಳುಸಂದಿಗಳಲ್ಲಿ ಗಂಧೆಗಳು ಎದ್ದಿರುತ್ತಿದ್ದವು, ಮಣಿಕಟ್ಟಿನಲ್ಲಿ ಗ್ಲೌಸಿನ ಅಂಚು ಮುಗಿಯುವಲ್ಲಿಗೆ ಕೆಂಪು ಬಣ್ಣವೂ ನಿಲ್ಲುತ್ತಿತ್ತು. ಸೋಪಿನ ದೋಷವೆಂದು ಹಿರಿಯರು ಹೇಳಿದ್ದನ್ನು ನಂಬಿದೆ. ಬಾಳೆಹಣ್ಣು ತಿಂದಾಗ ಬಾಯಿ ಕಡಿಯುವುದಕ್ಕೂ ಇದಕ್ಕೂ ನಂಟಿರಬಹುದೆಂದು ಹೊಳೆಯಲೇ ಇಲ್ಲ.

ಆದರೆ ನನಗೆ ದುಬಾರಿಯಾದ ತಪ್ಪು ಬೇರೆ. ಹಲ್ಲು ಕೀಳಿಸಲು ಹೋದಾಗ ಅರ್ಜಿಯಲ್ಲಿ ‘ಔಷಧಗಳ ಅಲರ್ಜಿ ಇದೆಯೇ?’ ಎಂದಿತ್ತು. ಗ್ಲೌಸ್ ಔಷಧವಲ್ಲವಲ್ಲ, ತುರಿಕೆ ಕೈಗೆ ಮಾತ್ರ ಸಂಬಂಧಿಸಿದ್ದಲ್ಲವೇ ಎಂದುಕೊಂಡು ‘ಇಲ್ಲ’ ಎಂದು ಬರೆದೆ, ಬಾಯಿಮಾತಿನಲ್ಲೂ ಹೇಳಲಿಲ್ಲ. ವೈದ್ಯರು ಲೇಟೆಕ್ಸ್ (ರಬ್ಬರ್ ಮರದ ಹಾಲಿನಿಂದ ಮಾಡಿದ) ಗ್ಲೌಸಿನ ಬೆರಳುಗಳನ್ನು ಬಾಯೊಳಗಿಟ್ಟ ಸ್ವಲ್ಪ ಹೊತ್ತಿಗೆ ತುಟಿ ಊದಿತು, ಕುತ್ತಿಗೆಯ ತುಂಬ ಗಂಧೆಗಳೆದ್ದವು, ಉಸಿರಾಡಿದರೆ ಸಿಳ್ಳೆಯಂತಹ ಸದ್ದು. ತೊಡೆಗೆ ಅಡ್ರಿನಲಿನ್ ಚುಚ್ಚಿ ನನ್ನನ್ನು ಉಳಿಸಿದರು. ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನುಗಳ ವಿರುದ್ಧ ನನ್ನ ದೇಹ ಐಜಿಇ ಎಂಬ, ಅಲರ್ಜಿ ಕೆರಳಿಸುವ ಪ್ರತಿಕಾಯಗಳನ್ನು ಸಿದ್ಧಮಾಡಿಟ್ಟಿತ್ತು (ಬಾಳೆಹಣ್ಣಿನಲ್ಲೂ ಅವನ್ನು ಹೋಲುವ ಪ್ರೋಟೀನುಗಳಿವೆ); ಬಾಯಿಯ ತೆಳುಪೊರೆಯ ಮೂಲಕ ಆ ಪ್ರೋಟೀನು ಅಂಗೈಯ ದಪ್ಪ ಚರ್ಮಕ್ಕಿಂತ ಬಹಳ ಸುಲಭವಾಗಿ ಒಳಸೇರುತ್ತದೆ. ಇದು ಚರ್ಮದ ಕಾಯಿಲೆಯಲ್ಲ, ಇಡೀ ದೇಹದ್ದು ಎಂಬುದು ನನಗೆ ಅರ್ಥವಾದದ್ದು ಹಾಗೆ.

ಗ್ಲೌಸಿನ ತುರಿಕೆಯೆಲ್ಲ ಲೇಟೆಕ್ಸ್ ಅಲರ್ಜಿಯೇ ಆಗಬೇಕಿಲ್ಲ. ಬೆವರು, ಪದೇ ಪದೇ ಕೈತೊಳೆಯುವುದು ಚರ್ಮವನ್ನು ಕೆರಳಿಸಬಹುದು. ರಬ್ಬರ್ ಹದಗೊಳಿಸಲು ಬಳಸುವ ರಾಸಾಯನಿಕಗಳಿಂದ ಬರುವ ದದ್ದು ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಕಾಣಿಸುತ್ತದೆ. ನೀವು ‘ಕೂಡಲೇ’ ಎಂದು ಬರೆದಿದ್ದೀರಿ, ನನಗೆ ಆತಂಕವಾದದ್ದು ಅದಕ್ಕೇ. ಅಲರ್ಜಿ ತಜ್ಞರನ್ನು ಕಂಡು ರಕ್ತದ ಐಜಿಇ ಪರೀಕ್ಷೆ ಮಾಡಿಸಿ. ಚರ್ಮಕ್ಕೆ ಚುಚ್ಚುವ ಪರೀಕ್ಷೆಯನ್ನು ಅವರ ಕಣ್ಣೆದುರಿನಲ್ಲಲ್ಲದೆ ಬೇರೆಲ್ಲೂ ಮಾಡಿಸಬೇಡಿ.

ಕ್ರೀಮಿನ ಯೋಚನೆಯನ್ನೇ ಬಿಡಿ. ಎಣ್ಣೆಯಂಶದ ಕ್ರೀಮ್ ಲೇಟೆಕ್ಸನ್ನೇ ಶಿಥಿಲಗೊಳಿಸುತ್ತದೆ. ಇಂದಿನಿಂದಲೇ ನೈಟ್ರೈಲ್ (ಮರದ ಹಾಲಿಲ್ಲದ ಕೃತಕ ರಬ್ಬರ್) ಗ್ಲೌಸ್ ಕೇಳಿ. ನೀವೊಬ್ಬರು ಬದಲಿಸಿದರೆ ಸಾಲದು, ಜೊತೆಯವರೂ ಪುಡಿ ಹಾಕಿದ ಲೇಟೆಕ್ಸ್ ಬಿಡಬೇಕು. ಆ ಜೋಳದ ಪಿಷ್ಟದ ಪುಡಿ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಅಮೆರಿಕದಲ್ಲಿ ಪುಡಿಯುಳ್ಳ ವೈದ್ಯಕೀಯ ಗ್ಲೌಸುಗಳನ್ನು 2017ರ ಜನವರಿಯಿಂದ ನಿಷೇಧಿಸಲಾಗಿದೆ. ಅಲರ್ಜಿ ಖಚಿತವಾದ ಮೇಲೆ ನಿಮಗೇ ಶಸ್ತ್ರಚಿಕಿತ್ಸೆ ಬೇಕಾದರೆ, ಲೇಟೆಕ್ಸ್ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸಿ, ಥಿಯೇಟರಿನ ಗಾಳಿಯಲ್ಲಿ ಆ ಕಣಗಳು ಇನ್ನೂ ಸೇರಿರದ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ.