ಗಡಿಯಲ್ಲಿ ಲಾರಿ ನಿಂತರೆ ಚಳ್ಳಕೆರೆಯಲ್ಲಿ ರೇಟ್ ಇಳಿಯುತ್ತದೆ

ನೀವು ಕೇಳಿರುವುದು ಇಷ್ಟು: ಪಕ್ಕದ ದೇಶಗಳ ಜೊತೆ ವ್ಯಾಪಾರ ಬೆಳೆಯಬೇಕಾದರೆ ಸುಂಕ ಇಳಿಸಿದರೆ ಸಾಕಲ್ವಾ, ಗಡಿಯಲ್ಲಿ ಲಾರಿ ಎರಡು ಮೂರು ದಿನ ನಿಂತರೆ ಅಷ್ಟೊಂದು ನಷ್ಟ ಆಗುತ್ತಾ ಅಂತ.

ಆಗುತ್ತದೆ. ಆ ನಷ್ಟದ ದೊಡ್ಡ ಪಾಲು ಬೀಳುವುದು ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಹೊಲದಲ್ಲಿ. ಅದೂ ಲಾರಿ ಹೊರಡುವುದಕ್ಕೆ ಮುಂಚೆಯೇ. ಹೇಗೆ ಅಂತ ಹೇಳುತ್ತೇನೆ.

ನಾನು ಚಿತ್ರದುರ್ಗದವನು. ಹದಿನೈದು ವರ್ಷದಿಂದ ಈರುಳ್ಳಿ ಖರೀದಿ ಮಾಡಿ ಹೊರಗೆ ಕಳಿಸುತ್ತೇನೆ. ಸ್ವಂತದ್ದು ಒಂದು ಹನ್ನೆರಡು ಚಕ್ರದ ಲಾರಿ ಇದೆ. ಹೆಚ್ಚಿನ ಮಾಲು ಬೆಂಗಳೂರಿನ ಯಶವಂತಪುರ ಮಂಡಿಗೆ ಹೋಗುತ್ತದೆ. ಕೋಲ್ಕತ್ತಾ ಕಡೆಯ ಪಾರ್ಟಿ ಸಿಕ್ಕಿದಾಗ ಬಾಂಗ್ಲಾದೇಶದ ಗಡಿಗೂ ಕಳಿಸಿದ್ದೇನೆ.

ಮೊದಲು ನಮ್ಮ ಈರುಳ್ಳಿಯ ಗುಣ ತಿಳಿದಿರಬೇಕು. ಇದು ಮುಂಗಾರಿನ ಬೆಳೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೀಳುತ್ತಾರೆ. ನಾಸಿಕ್ ಕಡೆ ಬೇಸಿಗೆಯಲ್ಲಿ ಕಿತ್ತ ಈರುಳ್ಳಿಯನ್ನು ಗಾಳಿಯಾಡುವ ಶೆಡ್‌ನಲ್ಲಿ ಹಾಕಿ ನಾಲ್ಕೈದು ತಿಂಗಳು ಇಟ್ಟುಕೊಳ್ಳುತ್ತಾರೆ. ನಮ್ಮದರಲ್ಲಿ ನೀರಿನಂಶ ಜಾಸ್ತಿ. ಎಷ್ಟೋ ಸಲ ಕೀಳುವ ಹೊತ್ತಿಗೇ ಮಳೆ ಹಿಡಿದುಕೊಳ್ಳುತ್ತದೆ, ಸರಿಯಾಗಿ ಒಣಗಿಸಲು ಆಗುವುದಿಲ್ಲ. ಅಂಥ ಮಾಲನ್ನು ಚೀಲಕ್ಕೆ ತುಂಬಿ, ಲಾರಿಗೆ ಹೇರಿ, ಟಾರ್ಪಾಲು ಬಿಗಿದರೆ ಅವತ್ತಿನಿಂದಲೇ ದಿನ ಎಣಿಸಬೇಕು.

2018ರಲ್ಲಿ, ದುರ್ಗಾ ಪೂಜೆಗೆ ಸ್ವಲ್ಪ ಮುಂಚೆ, ನನ್ನ ಒಂದು ಲೋಡ್ ಪಶ್ಚಿಮ ಬಂಗಾಳದ ಗಡಿಗೆ ಹೋಯಿತು. 50 ಕೆಜಿಯ 500 ಚೀಲ. ಎರಡು ಸಾವಿರ ಕಿಲೋಮೀಟರ್ ಆಸುಪಾಸಿನ ದಾರಿ, ಐದನೇ ದಿನ ತಲುಪಿತು. ಪೂಜೆಗೆ ಗಡಿ ಕೆಲವು ದಿನ ಬಂದ್ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ಅದಕ್ಕೆ ಮುಂಚೆ ದಾಟಿಸಲು ಹೊರಟಿದ್ದರು, ಸಾಲು ಬೆಳೆದಿತ್ತು. ನಾಳೆ ಬಿಡುತ್ತಾರೆ, ನಾಡಿದ್ದು ಬಿಡುತ್ತಾರೆ ಅಂತ ಒಂಬತ್ತು ದಿನ ಆಯಿತು. ಮಧ್ಯೆ ಮಳೆ ಬೇರೆ.

ಏಳನೇ ದಿನ ನಾನೇ ಅಲ್ಲಿಗೆ ಹೋದೆ. ಲಾರಿ ಹತ್ತಿರ ಬರುವ ಮುಂಚೆಯೇ ವಾಸನೆ ಬಂತು. ಲಾರಿಯ ಹಿಂಬಾಗಿಲಿನ ಸಂದಿಯಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ಡಾಂಬರಿನ ಮೇಲೆ ಅಂಗೈ ಅಗಲದ ಕಲೆ. ಟಾರ್ಪಾಲು ಸರಿಸಿ ನಡುವಿನ ಚೀಲಗಳ ಸಂದಿಗೆ ಕೈ ಹಾಕಿದೆ. ಬಿಸಿ. ತಿಪ್ಪೆಯೊಳಗೆ ಕೈ ಇಟ್ಟ ಹಾಗೆ. ಮೇಲಿನ ಸಾಲು ಚೆನ್ನಾಗಿತ್ತು, ಅಂಚಿನದೂ ಚೆನ್ನಾಗಿತ್ತು, ನಡುವೆ ಗಾಳಿ ಹೋಗದ ಕಡೆ ಬೆಂದುಹೋಗಿತ್ತು. ಡ್ರೈವರ್ ಏಳು ರಾತ್ರಿ ಕ್ಯಾಬಿನ್‌ನಲ್ಲೇ ಮಲಗಿದ್ದ. ಸ್ನಾನಕ್ಕೆ, ಕಕ್ಕಸಿಗೆ ದುಡ್ಡು ಕೊಟ್ಟು ಹೋಗುತ್ತಿದ್ದ. ನನ್ನನ್ನು ನೋಡಿ ಮಾತಾಡಲಿಲ್ಲ, ಸುಮ್ನೆ ಟಾರ್ಪಾಲಿನ ಹಗ್ಗ ಬಿಚ್ಚಲು ನಿಂತ.

ಕೊನೆಗೆ 130 ಚೀಲ ಎಸೆದೆವು. ಅಂದರೆ 65 ಕ್ವಿಂಟಲ್. ನಾನು ಕೊಂಡಿದ್ದು ಕ್ವಿಂಟಲ್‌ಗೆ 1,200ರಂತೆ, 78,000 ರೂಪಾಯಿ ಹೋಯಿತು. ಹಾಲ್ಟಿಂಗ್, ಅಂದರೆ ಲಾರಿ ಸುಮ್ಮನೆ ನಿಂತಿದ್ದಕ್ಕೆ ಬೀಳುವ ಖರ್ಚು, ಮೊದಲ ಎರಡು ದಿನ ಬಿಟ್ಟು ದಿನಕ್ಕೆ 2,500, ಏಳು ದಿನಕ್ಕೆ 17,500. ಉಳಿದ ಮಾಲಿನ ತೂಕವೂ ಇಳಿದಿತ್ತು, ಆ ಕಡೆಯ ಪಾರ್ಟಿ ರೇಟಿನಲ್ಲೂ ಕಡಿತ ಮಾಡಿದ. ಸುಂಕದ ಮಾತು ಎಲ್ಲೂ ಬರಲೇ ಇಲ್ಲ ನೋಡಿ.

ಈಗ ಮುಖ್ಯ ವಿಷಯ. ಊರಿಗೆ ಬಂದ ಮೇಲೆ ಮುಂದಿನ ವಾರ ಚಳ್ಳಕೆರೆ ತಾಲೂಕಿನ ಒಂದು ಹಳ್ಳಿಗೆ ಖರೀದಿಗೆ ಹೋದೆ. ಗಡಿಗೆ ಕಳಿಸುವ ಮಾಲಿಗೆ ಕ್ವಿಂಟಲ್‌ಗೆ 150 ಕಡಿಮೆ ಹೇಳಿದೆ. ಕಡಿಮೆ ಮಾಡಿದವನು ನಾನೇ. ಮತ್ತೆ ಒಂಬತ್ತು ದಿನ ನಿಂತರೆ ತಡೆದುಕೊಳ್ಳಲು ಅದು ನನಗೆ ಬೇಕಿತ್ತು. ಆ ರೈತನ ಹತ್ತಿರ 60 ಕ್ವಿಂಟಲ್ ಇತ್ತು. 9,000 ರೂಪಾಯಿ ಅವನ ಕೈತಪ್ಪಿತು. ಆ ಲೋಡ್ ಗಡಿಯಲ್ಲಿ ಎರಡೇ ದಿನದಲ್ಲಿ ದಾಟಿತು. ಕಡಿಮೆ ಮಾಡಿದ 150 ಮಾತ್ರ ವಾಪಸ್ ಹೋಗಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅದಕ್ಕೇ ಹೇಳುವುದು, ತಡಕ್ಕಿಂತ ದೊಡ್ಡ ಪೆಟ್ಟು ಎಷ್ಟು ತಡ ಅಂತ ಗೊತ್ತಿಲ್ಲದಿರುವುದು. ಪ್ರತಿ ಸಲವೂ ನಾಲ್ಕು ದಿನ ಅಂತ ಖಚಿತವಾಗಿದ್ದರೆ ನಾನು ನಾಲ್ಕು ದಿನಕ್ಕೆ ಲೆಕ್ಕ ಹಾಕಿ ರೇಟ್ ಕೊಡುತ್ತೇನೆ. ಎರಡೂ ಆಗಬಹುದು, ಒಂಬತ್ತೂ ಆಗಬಹುದು ಅಂದರೆ ಒಂಬತ್ತಕ್ಕೇ ಲೆಕ್ಕ ಹಾಕಬೇಕಾಗುತ್ತದೆ.

ಅಲ್ಲಿ ಯಾಕೆ ಇಷ್ಟು ಹೊತ್ತು ಅಂದರೆ, ನಮ್ಮ ಲಾರಿ ಢಾಕಾದ ತನಕ ಹೋಗುವುದಿಲ್ಲ. ಪಶ್ಚಿಮ ಬಂಗಾಳದ ಗಡಿ ಠಾಣೆ ಪೆಟ್ರಾಪೋಲ್ ದಾಟಿ ಬಾಂಗ್ಲಾ ಕಡೆಯ ಬೇನಾಪೋಲ್ ಯಾರ್ಡ್‌ವರೆಗೆ ಹೋಗಿ, ಮಾಲು ಇಳಿಸಿ, ಖಾಲಿ ಲಾರಿ ವಾಪಸ್ ಬರಬೇಕು. ಅಲ್ಲಿಂದ ಅವರ ಲಾರಿಗೆ ಮತ್ತೆ ಹೇರಬೇಕು. ಹಮಾಲಿ ಎರಡು ಸಲ, ಈರುಳ್ಳಿಗೆ ಏಟು ಎರಡು ಸಲ. ಲಾರಿಗಳು ಒಂದು ದೇಶದಿಂದ ಇನ್ನೊಂದಕ್ಕೆ ನೇರವಾಗಿ ಓಡಾಡಲಿ ಅಂತ ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ನನ್ನಂಥವರ ಮಾಲು ಈಗಲೂ ಇಳಿಸಿ ಹೇರುವ ದಾರಿಯಲ್ಲೇ ಹೋಗುತ್ತಿದೆ. ವಿಶ್ವಬ್ಯಾಂಕ್ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ ಪೆಟ್ರಾಪೋಲ್-ಬೇನಾಪೋಲ್ ದಾಟಲು 138 ಗಂಟೆ, ಅದರಲ್ಲಿ 28 ಗಂಟೆ ಬರೀ ಇಳಿಸಿ ಹೇರುವುದಕ್ಕೆ. ಇಷ್ಟೇ ಲಾರಿ ಓಡಾಡುವ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೂ ಬೇಡ.

ನಿಮ್ಮ ಸುಂಕದ ಪ್ರಶ್ನೆಗೂ ಅಲ್ಲೇ ಉತ್ತರ ಇದೆ. ದಕ್ಷಿಣ ಏಷ್ಯಾದ ದೇಶಗಳು ತಮ್ಮೊಳಗೆ ಸುಂಕ ಇಳಿಸಲು ಮಾಡಿಕೊಂಡ ಸಾಫ್ಟಾ ಒಪ್ಪಂದ 2006ರಲ್ಲೇ ಜಾರಿಗೆ ಬಂತು. 2011ರಲ್ಲಿ ಭಾರತ ಮದ್ಯ, ತಂಬಾಕು ಬಿಟ್ಟು ಬಾಂಗ್ಲಾದ ಹೆಚ್ಚುಕಡಿಮೆ ಎಲ್ಲ ಸರಕಿನ ಮೇಲೂ ಸುಂಕ ತೆಗೆಯಿತು. ಆದರೂ ಭಾರತದ ಒಂದು ಕಂಪನಿಗೆ ಬಾಂಗ್ಲಾಕ್ಕಿಂತ ಬ್ರೆಜಿಲ್ ಅಥವಾ ಜರ್ಮನಿ ಜೊತೆ ವ್ಯಾಪಾರ ಮಾಡುವುದೇ 15ರಿಂದ 20 ಪರ್ಸೆಂಟ್ ಅಗ್ಗ ಅಂತ ಅದೇ ವಿಶ್ವಬ್ಯಾಂಕ್ ಹೇಳಿತ್ತು.

ಇನ್ನು ಸರ್ಕಾರದ ದಿಢೀರ್ ಆದೇಶಗಳು. 2019ರ ಸೆಪ್ಟೆಂಬರ್ 29ಕ್ಕೆ ಈರುಳ್ಳಿ ರಫ್ತು ನಿಂತಿತು. ಮುಂದಿನ ತಿಂಗಳು ದೆಹಲಿಗೆ ಬಂದಿದ್ದ ಬಾಂಗ್ಲಾದ ಆಗಿನ ಪ್ರಧಾನಿ ಶೇಖ್ ಹಸೀನಾ, ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು ಅಂತ ಬಹಿರಂಗವಾಗಿ ಹೇಳಿದರು. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ಹಾಗೇ ಆಯಿತು, ನಮ್ಮ ಬೆಳೆ ಕೀಳುವ ಹೊತ್ತಿಗೆ ಸರಿಯಾಗಿ. ಗಡಿಯಲ್ಲಿದ್ದ ಲಾರಿಗಳು ಅಲ್ಲೇ ನಿಂತವು. ಆಗಲೇ ಕಾಗದ ಆಗಿದ್ದ ಮಾಲನ್ನು ಕೆಲವು ದಿನದ ಮೇಲೆ ಬಿಟ್ಟರು, ಅಷ್ಟರಲ್ಲಿ ಒಂದಷ್ಟು ಕೊಳೆತಿತ್ತು. ಒಳಗೆ ಬೆಲೆ ಏರಿದೆ ಅನ್ನುವ ಕಾರಣ ಸುಳ್ಳಲ್ಲ, ಪೇಟೆಯವರಿಗೂ ಈರುಳ್ಳಿ ಸಿಗಬೇಕು. ಆದರೆ ಒಂದು ವಾರ ಮುಂಚೆ ಹೇಳಿದ್ದರೆ ಆ ಲಾರಿಗಳು ಹೊರಡುತ್ತಲೇ ಇರಲಿಲ್ಲ. ಬಾಂಗ್ಲಾದವರು ಆಮೇಲೆ ಮ್ಯಾನ್ಮಾರ್, ಈಜಿಪ್ಟ್, ಟರ್ಕಿಯಿಂದಲೂ ತರಿಸಿಕೊಂಡರು. ಒಮ್ಮೆ ದಾರಿ ಬದಲಿಸಿದ ಗಿರಾಕಿ ಪೂರ್ತಿ ವಾಪಸ್ ಬರುವುದಿಲ್ಲ, ಇದು ನಮ್ಮ ಮಂಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ತಡ ತಪ್ಪಿಸಲು ಆಗುವುದೇ ಇಲ್ಲ ಅನ್ನಬೇಡಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಮುಂಚೆ ಮಹಾರಾಷ್ಟ್ರಕ್ಕೆ ಹೋಗುವ ಲಾರಿ ರಾತ್ರಿಯೆಲ್ಲಾ ಸಾಲಿನಲ್ಲಿ ನಿಂತಿದ್ದು ನನಗೆ ನೆನಪಿದೆ, ಈಗಿನ ಹುಡುಗ ಡ್ರೈವರ್‌ಗಳಿಗೆ ಅದು ಗೊತ್ತೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಗಡಿಯಲ್ಲಿ ರಸ್ತೆ ಸಾಗಣೆ ಸರಿಯಾಗಿ ನಡೆಯದಿದ್ದಾಗ ಗುಂಟೂರು ಹತ್ತಿರದ ರೆಡ್ಡಿಪಾಲೆಂನಿಂದ ಬೇನಾಪೋಲ್‌ಗೆ ಒಣಮೆಣಸಿನಕಾಯಿಯ ಪಾರ್ಸೆಲ್ ರೈಲು ಹೋಯಿತು. ರಸ್ತೆಯಲ್ಲಿ ಟನ್‌ಗೆ 7,000 ರೂಪಾಯಿ ಬೀಳುತ್ತಿದ್ದದ್ದು ರೈಲಿನಲ್ಲಿ 4,608 ಆಯಿತು ಅಂತ ರೈಲ್ವೆಯವರೇ ಲೆಕ್ಕ ಕೊಟ್ಟಿದ್ದರು. ಈರುಳ್ಳಿಗೂ ಇಂಥದ್ದು ನಮ್ಮ ಕಡೆಯಿಂದ ಹೊರಡಬೇಕು ಅಂತ ನನಗೆ ಬಹಳ ಆಸೆ ಇದೆ.

ನೀವು ಇದನ್ನು ಓದಿಗಾಗಿ ಕೇಳುತ್ತಿದ್ದರೆ ಒಂದು ಮಾತು. ಸರಾಸರಿ ಎಷ್ಟು ದಿನ ಅಂತ ಮಾತ್ರ ನೋಡಬೇಡಿ. ಆ ಸೀಸನ್‌ನಲ್ಲಿ ಅತಿ ಹೆಚ್ಚು ನಿಂತ ಲಾರಿ ಎಷ್ಟು ದಿನ ನಿಂತಿತ್ತು ಅಂತ ಕೇಳಿ. ಖರೀದಿದಾರ ರೇಟ್ ಕಟ್ಟುವುದು ಆ ಲಾರಿಯನ್ನು ನೆನೆಸಿಕೊಂಡೇ.

ಈಗ ನಾನು ಹೊಲಕ್ಕೆ ಹೋಗುವ ಮುಂಚೆ ಗಡಿಯಲ್ಲಿರುವ ಡ್ರೈವರ್‌ಗಳಿಗೆ ಫೋನ್ ಮಾಡಿ ಗಡಿ ಗೇಟಿನ ಹತ್ತಿರ ಸಾಲು ಎಷ್ಟಿದೆ ಅಂತ ಕೇಳುತ್ತೇನೆ. ಆವತ್ತು 150 ಕಡಿಮೆ ತಗೊಂಡ ರೈತನಿಗೆ ಇದು ಗೊತ್ತು. ಅವನು ಬಂಗಾಳ ನೋಡಿಲ್ಲ, ಬೆಂಗಳೂರು ದಾಟಿ ಹೋದವನಲ್ಲ. ಕಳೆದ ಸಲ ರಾಶಿ ಪಕ್ಕ ನಿಂತು, ರೇಟ್ ಮಾತಾಡುವ ಮುಂಚೆ ಅವನೇ ಕೇಳಿದ: "ಗೇಟ್ ಹೆಂಗೈತಂತೆ ಅಣ್ಣಾ?"